ಮೊದಲು ನೀರು, ಆಮೇಲೆ ಎಣ್ಣೆ

ಬಂದೂಕಿಗೆ ನೀರು ತಾಗಿಸಬಾರದು ಅಂತ ಎಲ್ಲರಿಗೂ ಗೊತ್ತು. ಆದರೆ ನನ್ನ ಬೆಂಚಿಗೆ ಬರುವ ಒಂದು ರಿವಾಲ್ವರನ್ನು ನಾನು ಬಿಚ್ಚಿ, ಬಕೆಟ್ಟಿನಲ್ಲಿ ಮುಳುಗಿಸಿ, ಪಾತ್ರೆ ತೊಳೆಯುವ ಸೋಪು ಹಾಕಿ ತಿಕ್ಕುತ್ತೇನೆ. ಪಕ್ಕದಲ್ಲಿ ನಿಂತ ಗಿರಾಕಿ ಅದನ್ನು ನೋಡಿದರೆ ಮುಗಿಯಿತು. ತನ್ನ ಬಂದೂಕನ್ನು ಈ ಮನುಷ್ಯನ ಕೈಗೆ ಕೊಡಬೇಕೋ ಬೇಡವೋ ಅಂತ ಯೋಚನೆಗೆ ಬೀಳುತ್ತಾನೆ.

ನಾನು ಮುಧೋಳ ತಾಲೂಕಿನವನು. ಫೌಜಿನಲ್ಲಿ ಯಂತ್ರ, ಹತ್ಯಾರ ರಿಪೇರಿ ನೋಡುವ ಇಎಂಇ ವಿಭಾಗದಲ್ಲಿ ಆರ್ಮರರ್, ಅಂದರೆ ಬಂದೂಕು ರಿಪೇರಿಯವನು, ಆಗಿದ್ದೆ, ಹವಾಲ್ದಾರ್ ಆಗಿ ಪೆನ್ಷನ್ ಬಂದೆ. ಕೊನೆಯ ಪೋಸ್ಟಿಂಗ್ ಪುಣೆಯ ಖಡ್ಕಿ. ಮಕ್ಕಳ ಓದು ಇಲ್ಲೇ ನಡೆದಿತ್ತು, ಹಾಗಾಗಿ ಇಲ್ಲೇ ಉಳಿದೆವು. ಮನೆ ವಿಶ್ರಾಂತವಾಡಿಯಲ್ಲಿ. ಈಗ ಕ್ಯಾಂಪ್ ಕಡೆಯ ಒಂದು ಬಂದೂಕಿನ ಅಂಗಡಿಯಲ್ಲಿ ರಿಪೇರಿ ಬೆಂಚು ನನ್ನದು. ಲೈಸೆನ್ಸ್ ಸೇಠರದು, ಕೈ ನನ್ನದು. ಬರುವುದೆಲ್ಲ ಮಾಮೂಲಿ ಮಾಲು. ಹಳೇ ಟ್ವೆಲ್ವ್ ಬೋರ್ ಜೋಡುನಳಿಗೆ, ಕಾನ್ಪುರದ ಪಾಯಿಂಟ್ 32 ರಿವಾಲ್ವರ್, ಶೂಟಿಂಗ್ ಕಲಿಯುವ ಹುಡುಗರ ಏರ್ ರೈಫಲ್. ಮುಕ್ಕಾಲು ಪಾಲು ಕೆಲಸ ಅಂದರೆ ಕಪಾಟಿನಲ್ಲಿ ವರ್ಷಗಟ್ಟಲೆ ಬಿದ್ದು ಒಣಗಿ ಅಂಟಾದ ಎಣ್ಣೆ ತೆಗೆಯುವುದು.

ಇದು ಬೇರೆ ಜಾತಿ. ಒಬ್ಬ ಡಾಕ್ಟರ್ ಸಾಹೇಬರದು. ಧಾರವಾಡದ ಕಡೆಯವರು, ಪ್ರಭಾತ್ ರೋಡ್ ಹತ್ತಿರ ಮನೆ. ಅಂಗಡಿಯಲ್ಲಿ ನಾನು ಫೋನಿನಲ್ಲಿ ಹೆಂಡತಿ ಜೊತೆ ಮಾತಾಡುತ್ತಿದ್ದದ್ದು ಅವರ ಕಿವಿಗೆ ಬಿತ್ತು. "ಯಾವ ಊರ್ರೀ ನಿಮ್ದು?" ಅಂತ ಶುರುವಾದ ಮಾತು ಮುಧೋಳದ ನಾಯಿಯವರೆಗೆ ಹೋಗಿ, ಆಮೇಲೆ ಚೀಲದಿಂದ ಈ ರಿವಾಲ್ವರ್ ಹೊರಗೆ ಬಂತು.

1851ರ ಕೋಲ್ಟ್ ನೇವಿ ಮಾಡೆಲ್. ಅಸಲಿ ಅಲ್ಲ, ಇಟಲಿಯ ಕಾಪಿ. ಎಂಟು ಮೂಲೆಯ ಏಳೂವರೆ ಇಂಚಿನ ಬ್ಯಾರೆಲ್, ಪಾಯಿಂಟ್ 36 ಬೋರ್, ತಿರುಗುವ ಸಿಲಿಂಡರಿನಲ್ಲಿ ಆರು ಚೇಂಬರ್, ಅಂದರೆ ಮದ್ದು ತುಂಬುವ ಗೂಡು. ಹಿಡಿ ಒಂದೇ ತುಂಡಿನ ಅಕ್ರೋಟ್ ಮರ, ಸುತ್ತ ಹಿತ್ತಾಳೆಯ ಪಟ್ಟಿ. ಇದರಲ್ಲಿ ಕಾಟ್ರಿಜ್ ಇಲ್ಲ. ಮಲೆನಾಡಿನವರ ಕೇಪಿನ ಕೋವಿಯ ವ್ಯವಸ್ಥೆಯೇ ಇದು, ಆರು ಸಲಕ್ಕೆ ಆಗುವಷ್ಟು. ಪ್ರತಿ ಚೇಂಬರಿಗೂ ಮುಂದಿನಿಂದ ಕರಿಮದ್ದು ಸುರಿಯಬೇಕು, ಮೇಲೆ ಸೀಸದ ಗುಂಡು ಇಡಬೇಕು, ಬ್ಯಾರೆಲ್ ಕೆಳಗಿನ ಲಿವರ್‌ನಿಂದ ಒತ್ತಬೇಕು. ಗುಂಡು ಚೇಂಬರಿಗಿಂತ ಒಂದು ಕೂದಲು ದಪ್ಪ ಇರುತ್ತದೆ. ಒತ್ತಿದಾಗ ಸುತ್ತಲೂ ಸೀಸದ ಸಣ್ಣ ಉಂಗುರ ಕತ್ತರಿಸಿ ಬೀಳುತ್ತದೆ. ಬಿದ್ದರೆ ಗುಂಡು ಬಿಗಿಯಾಗಿ ಕೂತಿತು ಅಂತ ಅರ್ಥ. ಕೊನೆಗೆ ಚೇಂಬರುಗಳ ಹಿಂದಿನ ಆರು ನಿಪ್ಪಲ್‌ಗಳಿಗೆ, ಅಂದರೆ ತೂತಿನ ಸಣ್ಣ ಮೊಳೆಗಳಿಗೆ, ಒಂದೊಂದು ತಾಮ್ರದ ಕ್ಯಾಪ್. ಹ್ಯಾಮರ್ ಬಡಿದಾಗ ಕ್ಯಾಪಿನ ಕಿಡಿ ಆ ತೂತಿನಿಂದ ಮದ್ದಿಗೆ ಹೋಗುತ್ತದೆ.

ಸ್ಯಾಮ್ಯುಯಲ್ ಕೋಲ್ಟ್ ತನ್ನ ಸಿಲಿಂಡರ್ ತಿರುಗುವ ಬಂದೂಕಿಗೆ ಅಮೆರಿಕದಲ್ಲಿ ಪೇಟೆಂಟ್ ತಗೊಂಡದ್ದು 1836ರಲ್ಲಿ. ನೇವಿ ಮಾಡೆಲ್ ಬಂದದ್ದು ಆಮೇಲೆ, 1873ರವರೆಗೆ ತಯಾರಾಯಿತು. ಎರಡು ಲಕ್ಷಕ್ಕೂ ಜಾಸ್ತಿ ಮಾಡಿದ್ದಾರೆ. ನಡುವೆ 1853ರಿಂದ 1856ರವರೆಗೆ ಲಂಡನ್ನಿನಲ್ಲೂ ಕೋಲ್ಟ್‌ನ ಕಾರ್ಖಾನೆ ನಡೆದಿತ್ತು. 1857ರಲ್ಲಿ ನಮ್ಮ ದೇಶದಲ್ಲಿ ಕೆಲವು ಇಂಗ್ಲಿಷ್ ಅಧಿಕಾರಿಗಳ ಸೊಂಟದಲ್ಲಿ ಇದೇ ಇತ್ತು.

ಸಿಲಿಂಡರ್ ಸುತ್ತ ಹಡಗುಗಳ ಯುದ್ಧದ ಚಿತ್ರ ಕೆತ್ತಿದೆ. ಆಗ ಬೇರೆಯೇ ದೇಶವಾಗಿದ್ದ ಟೆಕ್ಸಾಸ್‌ನ ನೌಕಾಪಡೆ ಮೆಕ್ಸಿಕೋದ ಹಡಗುಗಳ ಮೇಲೆ 1843ರ ಮೇ 16ರಂದು ಕಾಂಪೇಚೆ ಬಳಿ ಮಾಡಿದ ಕಾಳಗ. ಆ ಟೆಕ್ಸಾಸ್ ನೌಕಾಪಡೆ ಕೋಲ್ಟ್‌ನ ಮೊದಮೊದಲ ಗಿರಾಕಿ. ಒಳ್ಳೆ ಗಿರಾಕಿಯ ಋಣ ಹೀಗೆ ತೀರಿಸಿದ್ದಾನೆ. ಇಟಲಿಯವರು ಚಿತ್ರ ಸಮೇತ ನಕಲು ಮಾಡಿದ್ದಾರೆ. ಆ ಗೆರೆಗಳ ಒಳಗೆ ಕಪ್ಪು ಕೂತರೆ ತೆಗೆಯೋಕೆ ಹಳೇ ಹಲ್ಲಿನ ಬ್ರಷ್ಷೇ ಬೇಕು. ತಂತಿಯ ಬ್ರಷ್ ಹಾಕಿದರೆ ಹಡಗೇ ಹೋಗುತ್ತದೆ.

ಕಾಪಿ ಅಂದ ಕೂಡಲೇ ಕಳಪೆ ಅಂದುಕೊಳ್ಳಬೇಡಿ. ಉತ್ತರ ಇಟಲಿಯ ಬ್ರೆಶಿಯಾ ಹತ್ತಿರ ಗಾರ್ಡೋನೆ ವಾಲ್ ಟ್ರೊಂಪಿಯಾ ಅಂತ ಕಣಿವೆಯ ಒಂದು ಊರು. ಅಲ್ಲಿನ ಬೆರೆಟ್ಟಾ ಬಂದೂಕು ಕಂಪನಿಯ ಲೆಕ್ಕ 1526ರಿಂದ ಸಿಗುತ್ತದೆ. ಆ ಕಣಿವೆಯವರು 1950ರ ದಶಕದ ಕೊನೆಯಿಂದ ಈ ಹಳೇ ಕೋಲ್ಟ್‌ಗಳನ್ನು ಮತ್ತೆ ಮಾಡೋಕೆ ಶುರು ಮಾಡಿದರು. ಪ್ರತಿ ಬಂದೂಕೂ ಅಲ್ಲಿನ ಸರ್ಕಾರಿ ಪರೀಕ್ಷೆ ದಾಟಿಯೇ ಹೊರಗೆ ಬರಬೇಕು. ಇದರ ಮೈಮೇಲೆ ನಕ್ಷತ್ರದ ಕೆಳಗೆ 'ಪಿಎನ್' ಅಂತ ಠಸ್ಸೆ ಇದೆ. ಅಂದರೆ ಕರಿಮದ್ದಿನಿಂದ ಪರೀಕ್ಷೆ ಮಾಡಿದ್ದು. ಪಕ್ಕದ ಸಣ್ಣ ಚೌಕದಲ್ಲಿ 'ಎಎಲ್' ಅಕ್ಷರ. ಅದು ವರ್ಷದ ಗುರುತು, 1983. ಬ್ಯಾರೆಲ್ ಮೇಲೆ ಇಂಗ್ಲಿಷಿನಲ್ಲಿ 'ಬ್ಲ್ಯಾಕ್ ಪೌಡರ್ ಓನ್ಲಿ' ಅಂತಲೂ ಬರೆದಿದೆ. ಅದನ್ನು ಯಾರೂ ಹಗುರವಾಗಿ ತಗೊಳ್ಳಬಾರದು. ಈಗಿನ ಕಾಟ್ರಿಜ್‌ಗಳಲ್ಲಿರುವ ಹೊಗೆಯಿಲ್ಲದ ಮದ್ದು 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಕಂಡುಹಿಡಿದ ದಾರಿಯದು. ಅದರ ಒತ್ತಡವೇ ಬೇರೆ. ಅದನ್ನು ಇದಕ್ಕೆ ತುಂಬಿದರೆ ಸಿಲಿಂಡರ್ ಒಡೆದು ಕೈಗೆ ಬರುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. "ಆಂಟಿಕ್ ಅಲ್ವಾ, ಇದಕ್ಕೆಲ್ಲಾ ಲೈಸೆನ್ಸ್ ಯಾಕೆ?" ಅಂತ ಕೇಳುವವರು ತುಂಬಾ. 1959ರ ಆರ್ಮ್ಸ್ ಆ್ಯಕ್ಟಿನ 45ನೇ ಸೆಕ್ಷನ್ನಿನಲ್ಲಿ ಹಳೇ ನಮೂನೆಯ ಹತ್ಯಾರಕ್ಕೆ ವಿನಾಯಿತಿ ಇದೆ, ಸುಳ್ಳಲ್ಲ. ಆದರೆ ಅದು ರಿಪೇರಿ ಮಾಡಿದರೂ ಹಾರದಂಥ ಬಂದೂಕಿಗೆ ಮಾತ್ರ. ಈ ರಿವಾಲ್ವರ್ ಚೆನ್ನಾಗಿ ಹಾರುತ್ತದೆ. ಹಾಗಾಗಿ ಡಾಕ್ಟರ ಲೈಸೆನ್ಸಿನಲ್ಲಿ ನಂಬರ್ ಸಮೇತ ಬರೆದಿದೆ. ಎಂಬತ್ತರ ದಶಕದಲ್ಲಿ ಅಮೆರಿಕದಿಂದ ವಾಪಸ್ ಬರುವಾಗ ಇದನ್ನು ತಂದದ್ದರ ಕಾಗದವನ್ನು ಅವರು ಇವತ್ತಿಗೂ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಾರೆ. ನಮ್ಮ ತಾಲೂಕಿನ ಹಲಗಲಿಯ ಬೇಡರು 1857ರಲ್ಲಿ ಹತ್ಯಾರ ಕೊಡಲ್ಲ ಅಂತ ಕಂಪನಿ ಸರ್ಕಾರದ ಮೇಲೆ ತಿರುಗಿಬಿದ್ದವರು. ಅದೇ ಸೀಮೆಯ ನಾನು ದಿನಾ ಬೆಳಿಗ್ಗೆ ರಿಜಿಸ್ಟರ್ ತೆಗೆದು ಯಾರ ಹತ್ಯಾರ ಯಾವ ನಂಬರ್ ಅಂತ ಬರೆಯುತ್ತಾ ಕೂತಿರುತ್ತೇನೆ. ನಗು ಬರುತ್ತದೆ ಒಮ್ಮೊಮ್ಮೆ.

ಈಗ ನೀರಿನ ವಿಷಯ.

2024ರ ಮಾರ್ಚ್‌ನಲ್ಲಿ ಡಾಕ್ಟರು ರೇಂಜಿಗೆ ಹೋಗಿ ಇದನ್ನು ಹಾರಿಸಿದರು. ವರ್ಷಕ್ಕೆ ಒಂದೋ ಎರಡೋ ಸಲ ಅನುಮತಿ ತಗೊಂಡು ಹಾರಿಸುತ್ತಾರೆ. ಅಷ್ಟರಲ್ಲಿ ಲೋಕಸಭೆ ಚುನಾವಣೆ ಘೋಷಣೆ ಆಯಿತು. ಚುನಾವಣೆ ಬಂದರೆ ಲೈಸೆನ್ಸ್‌ದಾರರು ಬಂದೂಕು ಜಮಾ ಮಾಡಬೇಕಾಗುತ್ತದೆ. ಡಾಕ್ಟರು ಗಡಿಬಿಡಿಯಲ್ಲಿ ಬ್ಯಾರೆಲ್ಲಿಗೆ ಒಂದು ಬಟ್ಟೆ ಎಳೆದು, ಮೇಲಿಂದ ಒಳಗೆಲ್ಲಾ ದಂಡಿಯಾಗಿ ಎಣ್ಣೆ ಬಿಟ್ಟು ಜಮಾ ಮಾಡಿದರು. ಒಳ್ಳೆ ವಿದೇಶಿ ಎಣ್ಣೆ, ಡಬ್ಬಿಯೇ ಸಾವಿರ ರೂಪಾಯಿ ಮೇಲೆ. ಜೂನ್‌ನಲ್ಲಿ ಫಲಿತಾಂಶ ಬಂದು, ಬಂದೂಕು ವಾಪಸ್ ಸಿಕ್ಕಿ, ನನ್ನ ಬೆಂಚಿಗೆ ಬಂದಾಗ ಪುಣೆಯಲ್ಲಿ ಮಳೆ ಶುರುವಾಗಿತ್ತು.

"ಇಷ್ಟ್ ಎಣ್ಣಿ ಹಾಕೇನಿ ಹವಾಲ್ದಾರ್ರ, ಆದ್ರೂ ತುಕ್ಕು ಹ್ಯಾಂಗ ಬಂತ್ರೀ?"

ಬ್ಯಾರೆಲ್ ಒಳಗೆ ಲೈಟ್ ಬಿಟ್ಟು ನೋಡಿದೆ. ಎಣ್ಣೆ ಇತ್ತು, ಹೊಳೆಯುತ್ತಿತ್ತು. ಎಣ್ಣೆಯ ಕೆಳಗೆ, ಗುಂಡನ್ನು ತಿರುಗಿಸಲು ಬ್ಯಾರೆಲ್ ಒಳಗೆ ಕೊರೆದ ಗೆರೆಗಳ ಮೂಲೆಯಲ್ಲೆಲ್ಲಾ ಕಿತ್ತಳೆ ಬಣ್ಣ. ಒಂದು ಚಿಂದಿ ಹಾಕಿ ಎಳೆದರೆ ಡಾಂಬರಿನಂಥದ್ದು ಹತ್ತಿಕೊಂಡು ಬಂತು.

ಎಣ್ಣೆ ಕಮ್ಮಿ ಆದದ್ದಲ್ಲ ಸಮಸ್ಯೆ. ಕರಿಮದ್ದು ಅಂದರೆ ನೂರಕ್ಕೆ 75 ಭಾಗ ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಈಗಿನ ಮದ್ದು ಉರಿದರೆ ಬಹುಪಾಲು ಗಾಳಿಯಾಗಿ ಹೋಗುತ್ತದೆ. ಕರಿಮದ್ದು ಹಾಗಲ್ಲ. ಅರ್ಧಕ್ಕಿಂತ ಜಾಸ್ತಿ ಗಟ್ಟಿ ಪದಾರ್ಥವಾಗಿಯೇ ಉಳಿಯುತ್ತದೆ. ಹಾರಿಸಿದಾಗ ಕಾಣುವ ಬಿಳೀ ಹೊಗೆಯ ಮೋಡವೂ ಅದೇ, ಬ್ಯಾರೆಲ್ಲಿಗೆ ಅಂಟುವ ಕಪ್ಪೂ ಅದೇ. ಆ ಕಪ್ಪಿನಲ್ಲಿ ಪೊಟ್ಯಾಸಿಯಂನ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್ ಎಲ್ಲಾ ಇರುತ್ತದೆ. ಎಲ್ಲವೂ ಒಂದು ನಮೂನೆಯ ಉಪ್ಪು. ಗಾಳಿಯ ತೇವವನ್ನು ಎಳೆದುಕೊಂಡು ಕಬ್ಬಿಣದ ಪಕ್ಕ ಕೂರುತ್ತವೆ. ಉಪ್ಪು ಎಣ್ಣೆಯಲ್ಲಿ ಕರಗೋದಿಲ್ಲ. ಎಷ್ಟು ದುಡ್ಡಿನ ಎಣ್ಣೆ ಹಾಕಿದರೂ ಉಪ್ಪಿನ ಮೇಲೆ ಮುಚ್ಚಳ ಹಾಕಿದ ಹಾಗೆ ಅಷ್ಟೇ. ಕೆಳಗೆ ಅದು ತನ್ನ ಕೆಲಸ ನಡೆಸುತ್ತಲೇ ಇರುತ್ತದೆ. ನೀರಿಗೆ ಮಾತ್ರ ಅದು ಬಗ್ಗುತ್ತದೆ. ಮೇಲಾಗಿ ಪೆಟ್ರೋಲಿಯಂ ಎಣ್ಣೆ ಈ ಕಪ್ಪಿನ ಜೊತೆ ಸೇರಿದರೆ ಗಟ್ಟಿ ಅಂಟಾಗುತ್ತದೆ. ಡಾಕ್ಟರ ಬ್ಯಾರೆಲ್ಲಿನಿಂದ ಬಂದದ್ದು ಅದೇ.

ಫೌಜಿನಲ್ಲಿ ನನ್ನ ಟ್ರೇನಿಂಗ್ ಕಾಲಕ್ಕೆ ಎಸ್ಎಲ್ಆರ್ ಅನ್ನೋ ಹೊಸ ರೈಫಲ್ ಬಂದಾಗಿತ್ತು. ಆದರೆ ಹಳೇ ಉಸ್ತಾದರು ಥ್ರೀ ನಾಟ್ ಥ್ರೀ ರೈಫಲ್ಲಿನ ಕಾಲದವರು. ಆ ರೈಫಲ್ಲಿನ ಕ್ಯಾಪಿನಲ್ಲೂ ಉಪ್ಪು ಬಿಡುವ ಮಸಾಲೆ ಇರುತ್ತಿತ್ತು. ಅದಕ್ಕೆ ಬ್ರಿಟಿಷರ ಕಾಲದಿಂದ ಒಂದು ಉದ್ದ ಮೂತಿಯ ಆಲಿಕೆ ಇತ್ತು. ಫೈರಿಂಗ್ ಮುಗಿದ ಮೇಲೆ ಕುದಿಯುವ ನೀರನ್ನು ಅದರಿಂದ ಬ್ಯಾರೆಲ್ಲಿಗೆ ಸುರಿಯುತ್ತಿದ್ದರು. ನೀರು ಹಾಕುವುದು ನಾನು ಕಂಡುಹಿಡಿದ ಹುಚ್ಚಲ್ಲ ಅಂತ ಡಾಕ್ಟರಿಗೆ ಇದನ್ನು ಹೇಳಿದ ಮೇಲೆಯೇ ಅವರು ಕುರ್ಚಿ ಎಳೆದುಕೊಂಡು ಕೂತದ್ದು.

ಬಿಚ್ಚುವ ಮುಂಚೆ ಖಾಲಿ ಇದೆಯೋ ಇಲ್ಲವೋ ನೋಡಬೇಕು. ಗಿರಾಕಿ ಖಾಲಿ ಅಂದರೆ ಅದು ಖಾಲಿ ಅಲ್ಲ. ಮೊದಲು ಆರೂ ನಿಪ್ಪಲ್ ನೋಡುತ್ತೇನೆ, ಕ್ಯಾಪ್ ಇದ್ದರೆ ತೆಗೆಯುತ್ತೇನೆ. ಕ್ಯಾಪ್ ಇಲ್ಲದೆ ಅದು ಹಾರುವುದಿಲ್ಲ. ಆಮೇಲೆ ಹ್ಯಾಮರನ್ನು ಹಾಫ್ ಕಾಕ್‌ಗೆ, ಅಂದರೆ ಅರ್ಧಕ್ಕೆ, ಎಳೆದರೆ ಸಿಲಿಂಡರ್ ಸಲೀಸಾಗಿ ತಿರುಗುತ್ತದೆ. ಪ್ರತಿ ಚೇಂಬರಿಗೂ ಒಂದು ಮರದ ಕಡ್ಡಿ ಇಳಿಸಿ ಆಳ ನೋಡುತ್ತೇನೆ. ಆರೂ ಒಂದೇ ಆಳ, ತಳಕ್ಕೆ ಮುಟ್ಟಬೇಕು.

ಈ ಕೋಲ್ಟ್‌ನಲ್ಲಿ ಸಿಲಿಂಡರ್ ಮೇಲೆ ಪಟ್ಟಿಯೇ ಇಲ್ಲ. ಫ್ರೇಮಿನಿಂದ ಒಂದು ದಪ್ಪ ಆರ್ಬರ್, ಅಂದರೆ ಅಚ್ಚಿನಂಥ ಕಂಬಿ, ಮುಂದಕ್ಕೆ ಚಾಚಿದೆ. ಸಿಲಿಂಡರ್ ಅದರ ಮೇಲೆ ಕೂರುತ್ತದೆ, ಮುಂದೆ ಬ್ಯಾರೆಲ್ ಅದಕ್ಕೇ ಸಿಕ್ಕುತ್ತದೆ. ಇಡೀ ಬ್ಯಾರೆಲ್ಲನ್ನು ಹಿಡಿದಿರುವುದು ಅಡ್ಡಕ್ಕೆ ಹೊಡೆದ ಒಂದು ಉಕ್ಕಿನ ಬೆಣೆ. ಚಕ್ಕಡಿ ಗಾಲಿಗೆ ಕಡಾಣಿ ಇದ್ದಂಗೆ. ಬೆಣೆಯ ಬಲ ತುದಿಯಲ್ಲಿ ಸಣ್ಣ ಸ್ಪ್ರಿಂಗ್ ನಾಲಿಗೆ ಇದೆ. ಅದನ್ನು ಒತ್ತಿ ಹಿಡಿದು, ಬಲದಿಂದ ಎಡಕ್ಕೆ ತಳ್ಳಬೇಕು. ಹೆಬ್ಬೆರಳಿಗೆ ಬಗ್ಗದಿದ್ದರೆ ಹಿತ್ತಾಳೆಯ ಕಡ್ಡಿ ಇಟ್ಟು ಮರದ ಸುತ್ತಿಗೆಯಿಂದ ತಟ್ಟುತ್ತೇನೆ. ಉಕ್ಕಿನ ಸುತ್ತಿಗೆಯಿಂದ ಹೊಡೆದು ಬೆಣೆಯ ತಲೆ ಅಣಬೆ ಮಾಡಿದ ಕಾಪಿಗಳನ್ನು ನೋಡಿದ್ದೇನೆ. ಬೆಣೆ ಪೂರ್ತಿ ಹೊರಗೆ ಬರುವ ಅಗತ್ಯ ಇಲ್ಲ. ಎಡಗಡೆಯ ಸ್ಕ್ರೂ ಅದನ್ನು ಬೀಳದಂತೆ ತಡೆಯುತ್ತದೆ. ಬ್ಯಾರೆಲ್ ಬಿಡುವಷ್ಟು ಬಂದರೆ ಸಾಕು.

ಬೆಣೆ ಬಿಟ್ಟರೂ ಬ್ಯಾರೆಲ್ ಕೈಯಿಂದ ಎಳೆದರೆ ಬರೋದಿಲ್ಲ. ಒಳಗೆ ಕಪ್ಪು ಹಿಡಿದಿರುತ್ತದೆ. ಅದಕ್ಕೆ ಕೋಲ್ಟ್ ತಾನೇ ದಾರಿ ಇಟ್ಟಿದ್ದಾನೆ. ಸಿಲಿಂಡರನ್ನು ಸ್ವಲ್ಪ ತಿರುಗಿಸಿ, ಲೋಡಿಂಗ್ ಲಿವರ್‌ನ ತುದಿ ಎರಡು ಚೇಂಬರ್ ನಡುವಿನ ಗೋಡೆಗೆ ತಾಗುವಂತೆ ನಿಲ್ಲಿಸಿ, ಲಿವರ್ ಒತ್ತಬೇಕು. ಬ್ಯಾರೆಲ್ ತನ್ನನ್ನು ತಾನೇ ಮುಂದಕ್ಕೆ ತಳ್ಳಿಕೊಂಡು ಬರುತ್ತದೆ. ಡಾಕ್ಟರು ಪ್ರತಿ ಸಲ ಇದನ್ನು ನೋಡಿ "ಭಾಳ ಶ್ಯಾಣ್ಯಾ ಇದ್ದಾನ್ರೀ" ಅನ್ನುತ್ತಾರೆ. ನೂರಾ ಎಪ್ಪತ್ತು ವರ್ಷದ ಹಿಂದಿನ ಯಂತ್ರ, ಬಿಚ್ಚೋಕೆ ಬೇಕಾದ ಹತ್ಯಾರ ಅದರ ಮೈಮೇಲೇ ಇದೆ. ಈಗಿನವರು ಒಂದು ಮಿಕ್ಸರ್ ಬಿಚ್ಚೋಕೂ ವಿಶೇಷ ಸ್ಕ್ರೂಡ್ರೈವರ್ ಕೇಳುತ್ತಾರೆ.

ಸ್ಕ್ರೂಡ್ರೈವರ್ ಅಂದ ಮೇಲೆ ನೆನಪಾಯಿತು. ಈ ರಿವಾಲ್ವರ್ ನನ್ನ ಕೈಗೆ ಬರುವ ಮುಂಚೆ ಬೇರೆ ಯಾರೋ ರಿಪೇರಿಯವರ ಹತ್ತಿರ ಹೋಗಿತ್ತು. ಹಿತ್ತಾಳೆ ಪಟ್ಟಿಯ ಸ್ಕ್ರೂಗಳ ತಲೆ ಕಿತ್ತು ಚೂರಾಗಿತ್ತು. ಅಂಗಡಿಯ ಮಾಮೂಲಿ ಸ್ಕ್ರೂಡ್ರೈವರ್ ತುದಿ ಇಳಿಜಾರು ಇರುತ್ತದೆ. ಅದು ಸೀಳಿನ ಬಾಯಿಗೆ ಮಾತ್ರ ಹಿಡಿಯುತ್ತದೆ, ಬಲ ಬಿದ್ದ ಕೂಡಲೇ ಮೇಲೆ ಜಾರಿ ಸೀಳನ್ನು ಹರಿದು ಹಾಕುತ್ತದೆ. ಬಂದೂಕಿನ ಸ್ಕ್ರೂಡ್ರೈವರ್ ತುದಿಯ ಎರಡೂ ಮುಖ ಸಮ ಇರಬೇಕು, ಸೀಳಿನ ತಳದವರೆಗೆ ಇಳಿಯಬೇಕು, ಅಗಲ ಸ್ಕ್ರೂ ತಲೆಯಷ್ಟೇ ಇರಬೇಕು. ನಾನು ಜುನಾ ಬಜಾರಿನಲ್ಲಿ ಹಳೇ ಉಕ್ಕಿನ ಸ್ಕ್ರೂಡ್ರೈವರ್ ತಗೊಂಡು ಕಲ್ಲಿಗೆ ಹಿಡಿದು ಒಂದೊಂದು ಸ್ಕ್ರೂಗೆ ಒಂದೊಂದು ಮಾಡಿಕೊಂಡಿದ್ದೇನೆ. ಮದ್ದಿನಿಂದ ಹಾಳಾದ ಬಂದೂಕಿಗಿಂತ ಸ್ಕ್ರೂಡ್ರೈವರ್‌ನಿಂದ ಹಾಳಾದವೇ ಜಾಸ್ತಿ ಅನ್ನೋದು ನನ್ನ ಖಾಯಂ ಅಭಿಪ್ರಾಯ.

ಆಮೇಲೆ ನಿಪ್ಪಲ್‌ಗಳು. ಅದಕ್ಕೆ ಟಿ ಆಕಾರದ ಪಾನಾ ಇರುತ್ತದೆ. ಗಟ್ಟಿ ಹಿಡಿದಿದ್ದರೆ ಜೋರು ಮಾಡಬಾರದು. ಸಿಲಿಂಡರನ್ನು ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ ಒಂದು ಚಹಾ ಕುಡಿದು ಬಂದರೆ ತಾನೇ ಸಡಿಲಾಗುತ್ತದೆ. ತೆಗೆದ ಮೇಲೆ ಬೆಳಕಿಗೆ ಹಿಡಿದು ತೂತು ನೋಡಬೇಕು. ಸೂಜಿಯಷ್ಟು ಸಣ್ಣ, ದುಂಡಗೆ ಇದ್ದರೆ ಸರಿ. ಸವೆದು ಅಗಲವಾಗಿದ್ದರೆ ಬೆಂಕಿ ಹಿಂದಕ್ಕೆ ಜಾಸ್ತಿ ಉಗಿಯುತ್ತದೆ, ಹ್ಯಾಮರನ್ನೇ ಎತ್ತಿ ಬಿಡುತ್ತದೆ, ಒಡೆದ ಕ್ಯಾಪಿನ ಚೂರು ಹ್ಯಾಮರ್ ಸಂದಿಯಲ್ಲಿ ಬಿದ್ದು ಇಡೀ ಯಂತ್ರ ಕಚ್ಚಿಕೊಳ್ಳುತ್ತದೆ. ಡಾಕ್ಟರ ನಿಪ್ಪಲ್ ಇನ್ನೂ ಚೆನ್ನಾಗಿವೆ.

ತೊಳೆಯುವ ಜಾಗ ಅಂಗಡಿಯ ಹಿಂದಿನ ಮೋರಿ. ಮನೆಯಲ್ಲಿ ಮಾಡಬಹುದೇ ಅಂತ ಕೇಳುವ ಪ್ರಶ್ನೆಯೇ ಇಲ್ಲ, ಹತ್ಯಾರ ಅಂಗಡಿ ಬಿಟ್ಟು ಹೊರಗೆ ಹೋಗುವಂತಿಲ್ಲ. ಹೋಗಬಹುದಾಗಿದ್ದರೂ ನನ್ನ ಹೆಂಡತಿ ಆ ಬಕೆಟ್ಟನ್ನು ಮನೆ ಒಳಗೆ ಬಿಡುತ್ತಿರಲಿಲ್ಲ. ಯಾಕೆಂದರೆ ವಾಸನೆ. ಬೆಚ್ಚಗಿನ ನೀರು ಆ ಕಪ್ಪಿಗೆ ತಾಗಿದ ಕೂಡಲೇ ಕೊಳೆತ ಮೊಟ್ಟೆಯ ನಾತ ಏಳುತ್ತದೆ. ಗಂಧಕದ ಕೆಲಸ ಅದು. ನೀರು ಮೊದಲು ಬೂದು, ಆಮೇಲೆ ಕಡುಗಪ್ಪು. ಬ್ರಷ್ ಬ್ಯಾರೆಲ್ಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬರುವಾಗ ಪಿಚಕಾರಿಯಿಂದ ಬಂದಂತೆ ಕಪ್ಪು ಚಿಮ್ಮುತ್ತದೆ. ಎರಡು ಬಕೆಟ್ ಬದಲಾಯಿಸುವ ಹೊತ್ತಿಗೆ ನೀರು ತಿಳಿಯಾಗುತ್ತದೆ. ನಳದ ನೀರು ಸಾಕು, ಖಡಕ್‌ವಾಸ್ಲಾದ್ದು. ಬೋರ್ ನೀರು ಹಾಕಿದರೆ ಆರಿದ ಮೇಲೆ ಬಿಳೀ ಕಲೆ ಉಳಿಯುತ್ತದೆ.

ನೀರು ಎಷ್ಟು ಬಿಸಿ ಇರಬೇಕು ಅನ್ನೋದರಲ್ಲಿ ಉಸ್ತಾದರಿಗೂ ನನಗೂ ಭಿನ್ನಾಭಿಪ್ರಾಯ. ಅವರದು ಕುದಿಯುವ ನೀರು. ನನ್ನದು ಕೈ ಅದ್ದಿ ಇಡಬಹುದಾದಷ್ಟು. ಕುದಿಯುವ ನೀರು ಹಾಕಿದರೆ ಉಕ್ಕು ಕಾದು, ನೀರು ಆರುವಾಗಲೇ ಮೇಲೆ ತೆಳು ಕೆಂಪು ಪುಡಿ ಕೂರುತ್ತದೆ. ಉಪ್ಪು ಕರಗೋಕೆ ಬೆಚ್ಚಗಿನ ನೀರು ಧಾರಾಳ ಸಾಕು. ಹಿಡಿಯ ಮರವನ್ನು ಮಾತ್ರ ನೀರಿಗೆ ಹಾಕಬಾರದು, ಅದನ್ನು ಮೊದಲೇ ಬೇರೆ ಇಟ್ಟಿರುತ್ತೇನೆ.

ಒಣಗಿಸುವುದು ತೊಳೆಯುವುದಕ್ಕಿಂತ ಮುಖ್ಯ. ಮಳೆಗಾಲದ ಪುಣೆಯಲ್ಲಿ ಸುಮ್ನೆ ಬಟ್ಟೆಯಿಂದ ಒರೆಸಿದರೆ ಆಗೋದಿಲ್ಲ. ಚಿಂದಿ ಒಣದಾಗಿ ಹೊರಗೆ ಬರುವವರೆಗೂ ಎಳೆಯುತ್ತೇನೆ, ಆಮೇಲೆ ಹೇರ್ ಡ್ರೈಯರ್. ಸೇಠರ ಮಗಳು ಬಿಸಾಕಿದ ಗುಲಾಬಿ ಬಣ್ಣದ ಡ್ರೈಯರ್ ನಮ್ಮ ಬೆಂಚಿನ ಅತಿ ಮುಖ್ಯ ಯಂತ್ರ. ನಿಪ್ಪಲ್ ಕೂರುವ ತೂತು, ಆರ್ಬರ್‌ನ ಬೆಣೆ ಸಂದಿ, ಲಿವರ್‌ನ ಕೀಲು, ಈ ಮೂರು ಕಡೆ ನೀರು ಅಡಗಿರುತ್ತದೆ.

ಒಳಗಿನ ಯಂತ್ರವನ್ನು ಪ್ರತಿ ಸಲ ಬಿಚ್ಚುವುದಿಲ್ಲ. ಆದರೆ ಆ ಜೂನ್‌ನಲ್ಲಿ ಬಿಚ್ಚಲೇಬೇಕಾಯಿತು, ಕಪ್ಪೂ ಎಣ್ಣೆಯೂ ಒಳಗೆ ಇಳಿದಿದ್ದವು. ಇದಕ್ಕೆ ನನ್ನ ಹತ್ತಿರ ಅಳಗುಳಿ ಮಣೆ ಇದೆ. ಆಡುವ ಮಣೆಯೇ, ಊರಿಂದ ತಂದದ್ದು. ಹದಿನಾಲ್ಕು ಕುಳಿ. ಯಾವ ಸ್ಕ್ರೂ ಮೊದಲು ಬಂತೋ ಅದು ಮೊದಲ ಕುಳಿಗೆ, ಹಾಗೇ ಸಾಲಾಗಿ. ಜೋಡಿಸುವಾಗ ಹಿಂದಿನಿಂದ ಬರುವುದು. ಈ ರಿವಾಲ್ವರ್‌ನ ಸ್ಕ್ರೂಗಳು ನೋಡಲು ಒಂದೇ ಥರ, ಉದ್ದದಲ್ಲಿ ಸ್ವಲ್ಪ ಸ್ವಲ್ಪ ಬೇರೆ. ಅದಲುಬದಲಾದರೆ ಉದ್ದದ್ದು ಒಳಗೆ ಹೋಗಿ ಏನನ್ನೋ ತಡೆಯುತ್ತದೆ. ಅಂಗಡಿಯ ಮರಾಠಿ ಹುಡುಗ ಮೊದಲು ನಕ್ಕ. ಈಗ ತನಗೂ ಒಂದು ಬೇಕು ಅನ್ನುತ್ತಿದ್ದಾನೆ.

ಹ್ಯಾಮರ್ ಇಳಿಸಿಟ್ಟು ಮೊದಲು ಹಿಂದಿನ ಪಟ್ಟಿ. ಹ್ಯಾಮರ್ ಪಕ್ಕ ಎರಡು ಸ್ಕ್ರೂ, ಹಿಡಿಯ ತಳದಲ್ಲಿ ಒಂದು. ಅದು ಬಂದರೆ ಮರದ ಹಿಡಿ ಜಾರಿ ಬರುತ್ತದೆ. ಒಳಗೆ ಮೇನ್ ಸ್ಪ್ರಿಂಗ್, ಒಂದೇ ಉದ್ದ ಉಕ್ಕಿನ ಪಟ್ಟಿ. ಅದರ ಸ್ಕ್ರೂ ಸಡಿಲ ಮಾಡಿ ಪಕ್ಕಕ್ಕೆ ತಿರುಗಿಸಿದರೆ ಒತ್ತಡ ಬಿಡುತ್ತದೆ. ಆಮೇಲೆ ಟ್ರಿಗರ್ ಗಾರ್ಡ್, ಮೂರು ಸ್ಕ್ರೂ. ಅದನ್ನು ತೆಗೆದಾಗ ಹೊಟ್ಟೆಯ ಭಾಗ ಕಾಣುತ್ತದೆ. ಎರಡು ಕಾಲಿನ ಒಂದು ಚಪ್ಪಟೆ ಸ್ಪ್ರಿಂಗ್ ಇದೆ. ಒಂದು ಕಾಲು ಟ್ರಿಗರ್ ಒತ್ತುತ್ತದೆ, ಇನ್ನೊಂದು ಬೋಲ್ಟ್ ಒತ್ತುತ್ತದೆ. ಬೋಲ್ಟ್ ಅಂದರೆ ಸಿಲಿಂಡರ್ ಸರಿಯಾದ ಜಾಗದಲ್ಲಿ ನಿಲ್ಲಿಸುವ ಹಲ್ಲು. ಈ ಮಾಡೆಲ್ಲಿನಲ್ಲಿ ಮೊದಲು ಮುರಿಯುವುದು ಈ ಸ್ಪ್ರಿಂಗೇ. ಬೋಲ್ಟ್ ಕಡೆಯ ಕಾಲಿನ ಬುಡದಲ್ಲಿ ಕೂದಲೆಳೆಯಷ್ಟು ಸೀಳು ಕಂಡಿತು. ಭೂತಗನ್ನಡಿ ಇಲ್ಲದೆ ಕಾಣುತ್ತಿರಲಿಲ್ಲ. ಡಾಕ್ಟರಿಗೆ ತೋರಿಸಿದೆ. "ಫ್ರಾಕ್ಚರ್ ಅದ" ಅಂದರು, ತಮ್ಮ ಭಾಷೆಯಲ್ಲಿ. ಬೇರೆ ಹಾಕಿದೆವು.

ಆಮೇಲೆ ಫ್ರೇಮ್ ಪಕ್ಕದ ಮೂರು ಸ್ಕ್ರೂ. ಟ್ರಿಗರ್, ಬೋಲ್ಟ್, ಕೊನೆಗೆ ಹ್ಯಾಮರ್. ಹ್ಯಾಮರ್ ಕೆಳಗಿನಿಂದ ಬರುತ್ತದೆ. ಜೊತೆಗೆ ಅದಕ್ಕೆ ಸಿಕ್ಕಿಸಿದ ಹ್ಯಾಂಡ್, ಅಂದರೆ ಸಿಲಿಂಡರನ್ನು ತಳ್ಳಿ ತಿರುಗಿಸುವ ಕೈ. ಅದರ ಬೆನ್ನಿಗೆ ಕಾಗದದಷ್ಟು ತೆಳುವಾದ ಸ್ಪ್ರಿಂಗ್ ಇದೆ, ಅದನ್ನು ಬಗ್ಗಿಸಬಾರದು. ಇಷ್ಟೇ ಯಂತ್ರ. ಹ್ಯಾಮರ್ ಎಳೆದರೆ ಬೋಲ್ಟ್ ಇಳಿಯುತ್ತದೆ, ಹ್ಯಾಂಡ್ ಸಿಲಿಂಡರ್ ತಿರುಗಿಸುತ್ತದೆ, ಬೋಲ್ಟ್ ಮತ್ತೆ ಎದ್ದು ತೂತಿಗೆ ಕಚ್ಚುತ್ತದೆ, ಟ್ರಿಗರ್ ಹ್ಯಾಮರನ್ನು ಹಿಡಿಯುತ್ತದೆ. ಒಂದು ಬೆರಳಿನ ಎಳೆತಕ್ಕೆ ನಾಲ್ಕು ಕೆಲಸ. ಈ ಭಾಗಗಳಿಗೆ ಮಾತ್ರ ನಾನು ಒಂದೊಂದು ತೊಟ್ಟು ಹೊಲಿಗೆ ಮಿಷನ್ ಎಣ್ಣೆ ಹಾಕುತ್ತೇನೆ. ಮದ್ದು ಉರಿಯುವ ಜಾಗಕ್ಕೆ ಅಲ್ಲ.

ಮದ್ದು ಉರಿಯುವ ಜಾಗಕ್ಕೆ ಏನು ಹಾಕಬೇಕು ಅನ್ನುವುದು ದೊಡ್ಡ ಚರ್ಚೆಯಾಯಿತು. ಹಳೇ ಪದ್ಧತಿ ಪ್ರಾಣಿ ಕೊಬ್ಬು ಮತ್ತು ಜೇನುಮೇಣ. ಕೊಬ್ಬು ಅಂದ ಕೂಡಲೇ ಡಾಕ್ಟರು ಕೈ ಮೇಲೆತ್ತಿದರು. ಶುದ್ಧ ಸಸ್ಯಾಹಾರಿಗಳು. ಎನ್‌ಫೀಲ್ಡ್ ತೋಟಾಗೆ ಕೊಬ್ಬು ಸವರಿದ್ದಾರೆ ಅಂತ 1857ರಲ್ಲಿ ಎಷ್ಟು ದೊಡ್ಡ ಕಥೆ ಆಯಿತು, ನಾನು ಆ ಹಾದಿಗೆ ಹೋಗಲಿಲ್ಲ. "ಹಂಗಾದ್ರ ಕುಸುಬಿ ಎಣ್ಣಿ ಹಾಕ್ರಿ, ಮನ್ಯಾಗ ಗಾಣದ್ದು ಅದ" ಅಂದರು. ಕುಸುಬಿ ಎಣ್ಣೆ ರೊಟ್ಟಿ ಪಲ್ಯಕ್ಕೆ ಒಳ್ಳೆಯದು. ಆದರೆ ಗಾಳಿಗೆ ಇಟ್ಟರೆ ಅದು ಒಣಗಿ ವಾರ್ನಿಷ್ ಆಗುತ್ತದೆ, ಅಗಸೆ ಎಣ್ಣೆಯ ಥರ. ಸಿಲಿಂಡರ್ ಆರ್ಬರ್‌ಗೆ ಅಂಟಿಕೊಂಡರೆ ನನ್ನ ಹತ್ತಿರವೇ ಬರಬೇಕು. ಔಡಲೆಣ್ಣೆ ಹಾಗೆ ಒಣಗುವುದಿಲ್ಲ. ಜೇನುಮೇಣ ಕರಗಿಸಿ, ಔಡಲೆಣ್ಣೆ ಸೇರಿಸಿ, ಮುಲಾಮಿನ ಹದಕ್ಕೆ ತಂದು ಡಬ್ಬಿಗೆ ತುಂಬಿ ಕೊಟ್ಟೆ. ಬೇಸಿಗೆಗೆ ಮೇಣ ಸ್ವಲ್ಪ ಜಾಸ್ತಿ ಬೇಕು. ಆರ್ಬರ್ ಮೇಲೆ ತುಂಬಾ ಸವರಬೇಕು. ಹಾರಿಸುವಾಗ ಗುಂಡಿನ ಮೇಲೂ ಚೇಂಬರ್ ಬಾಯಿಗೆ ಸವರುತ್ತಾರೆ. ಕಪ್ಪು ಮೆತ್ತಗೆ ಉಳಿಯುತ್ತದೆ, ಒಂದರ ಕಿಡಿ ಪಕ್ಕದ ಚೇಂಬರಿಗೆ ಹಾರುವ ಅಪಾಯವೂ ಕಮ್ಮಿ.

ಜೋಡಿಸುವಾಗ ಗಮನ ಇಡಬೇಕಾದದ್ದು ಮತ್ತೆ ಆ ಬೆಣೆ. ಅಸಲಿ ಕೋಲ್ಟ್‌ನಲ್ಲಿ ಆರ್ಬರ್ ತುದಿ ಬ್ಯಾರೆಲ್ಲಿನ ತೂತಿನ ತಳಕ್ಕೆ ಮುಟ್ಟಿ ನಿಲ್ಲುತ್ತದೆ. ಬೆಣೆ ಎಷ್ಟೇ ಹೊಡೆದರೂ ಬ್ಯಾರೆಲ್ ಅದಕ್ಕಿಂತ ಹಿಂದೆ ಬರೋದಿಲ್ಲ. ಕೆಲವು ಕಾಪಿಗಳಲ್ಲಿ ಆರ್ಬರ್ ಗಿಡ್ಡ ಇರುತ್ತದೆ, ತಳಕ್ಕೆ ಮುಟ್ಟೋದಿಲ್ಲ. ಆಗ ಬೆಣೆ ಒಂದು ಪೆಟ್ಟು ಜಾಸ್ತಿ ಬಿದ್ದರೆ ಬ್ಯಾರೆಲ್ ಸಿಲಿಂಡರಿಗೆ ಒತ್ತಿಕೊಂಡು ತಿರುಗುವುದೇ ನಿಲ್ಲುತ್ತದೆ. ಕಮ್ಮಿ ಬಿದ್ದರೆ ಸಂದಿ ಅಗಲ. ಡಾಕ್ಟರದು ಇದೇ ಜಾತಿ. ತೂತಿನ ತಳಕ್ಕೆ ಉಕ್ಕಿನ ಒಂದು ಸಣ್ಣ ಬಿಲ್ಲೆ ಕೂರಿಸಿ, ಉಜ್ಜಿ ಉಜ್ಜಿ ಅಳತೆಗೆ ತಂದೆ. ಈಗ ಸಿಲಿಂಡರ್ ಮತ್ತು ಬ್ಯಾರೆಲ್ ನಡುವೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಚೂರು ಜಾಸ್ತಿ ಸಂದಿ, ಬೆಣೆ ಹೇಗೆ ಹೊಡೆದರೂ ಅಷ್ಟೇ. ಸ್ಪಾರ್ಕ್ ಪ್ಲಗ್ ಗೇಜಿನ ತೆಳು ಎಲೆ ತೂರಿಸಿ ಡಾಕ್ಟರ ಕೈಯಿಂದಲೇ ನೋಡಿಸಿದೆ.

ಕೊನೆಗೆ ಹ್ಯಾಮರ್ ನಿಧಾನ ಎಳೆದು ಕೇಳಬೇಕು. ಆರು ಚೇಂಬರಿಗೂ ಬೋಲ್ಟ್ ಬೀಳುವ ಸದ್ದು ಒಂದೇ ಥರ ಬರಬೇಕು. ಹ್ಯಾಮರನ್ನು ಹೆಬ್ಬೆರಳಿನಲ್ಲಿ ಹಿಡಿದೇ ಇಳಿಸಬೇಕು. ಖಾಲಿ ನಿಪ್ಪಲ್ ಮೇಲೆ ಟಕ್ ಅಂತ ಬಿಟ್ಟರೆ ತುದಿ ಚಪ್ಪಟೆಯಾಗಿ ಕ್ಯಾಪ್ ಕೂರೋದಿಲ್ಲ. ಮನೆಗೆ ಬಂದ ನೆಂಟರಿಗೆ ಟಕ್ ಟಕ್ ಮಾಡಿ ತೋರಿಸುವ ಚಟ ಡಾಕ್ಟರಿಗಿತ್ತು. ಅದನ್ನು ಬಿಡಿಸಿದೆ.

ಚಟ ಬಿಡಿಸಿದಷ್ಟು ಸುಲಭವಾಗಿ ಚರ್ಮದ ಹೋಲ್‌ಸ್ಟರ್ ಬಿಡಿಸೋಕಾಗಲಿಲ್ಲ. ಅವರು ರಿವಾಲ್ವರ್ ಜೊತೆಗೆ ಅಮೆರಿಕದಿಂದ ತಂದದ್ದು, ಚೆಂದ ಇದೆ, ಹೂಬಳ್ಳಿ ಕೆತ್ತಿದ ಕಂದು ಚರ್ಮ. ಆದರೆ ಚರ್ಮ ತೇವ ಹಿಡಿಯುತ್ತದೆ, ಹದ ಮಾಡಿದ ಆಮ್ಲ ಅದರಲ್ಲೇ ಇರುತ್ತದೆ. ಮಳೆಗಾಲ ಪೂರ್ತಿ ಅದರೊಳಗೆ ಬಿಟ್ಟರೆ ಬ್ಯಾರೆಲ್ಲಿನ ಬಣ್ಣ ಚರ್ಮದ ಆಕಾರದಲ್ಲೇ ಹೋಗುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಪಕ್ಕಕ್ಕೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಕಪಾಟಿನಲ್ಲಿ ಬೀಗ ಹಾಕಿ ಅಂದೆ. "ರಿವಾಲ್ವರ್ ನನ್ನದೋ ನಿಮ್ಮದೋ ಹವಾಲ್ದಾರ್ರ?" ಅಂದರು. "ಲೈಸೆನ್ಸ್ ನಿಮ್ಮದು ಸರ, ತುಕ್ಕು ಬಂದ್ರ ನಂದು" ಅಂದೆ.

ತೊಳೆದು ಎರಡು ವಾರ ಆದ ಮೇಲೆ ಬ್ಯಾರೆಲ್ಲಿಗೆ ಒಂದು ಬಿಳೀ ಬಟ್ಟೆ ಎಳೆದು ನೋಡಬೇಕು. ಬಿಳಿಯಾಗಿ ಬಂದರೆ ಕೆಲಸ ಸರಿಯಾಗಿದೆ. ಕಂದು ಬಂದರೆ ಎಲ್ಲೋ ಉಪ್ಪು ಉಳಿದಿದೆ, ಮತ್ತೆ ನೀರು. ಮೊನ್ನೆ ಅವರು ಮತ್ತೆ ರೇಂಜಿಗೆ ಹೋಗಿದ್ದರು, ಈ ಸಲ ಅಲ್ಲೇ ನೀರು ಹಾಕಿ ತಾವೇ ತೊಳೆದರಂತೆ. ಬಟ್ಟೆ ಎಳೆದು ಫೋನ್ ಮಾಡಿದರು. ಬ್ಯಾರೆಲ್ ಬೆಳ್ಳಗಿದೆಯಂತೆ, ಚೇಂಬರಿನಲ್ಲಿ ಒಂದೆರಡು ಚಹಾದ ಬಣ್ಣ. ನಿಪ್ಪಲ್ ಬಿಚ್ಚದೆ ತೊಳೆದಿದ್ದಾರೆ ಅಂತ ಅಲ್ಲೇ ಗೊತ್ತಾಯಿತು. ಶನಿವಾರ ತಗೊಂಡು ಬನ್ನಿ, ಲೈಸೆನ್ಸ್ ಮರೀಬ್ಯಾಡ್ರಿ, ಅದಿಲ್ಲದಿದ್ದರೆ ಸೇಠರು ರಿಜಿಸ್ಟರ್ ತೆಗೆಯೋದಿಲ್ಲ ಅಂತ ಹೇಳಿದ್ದೇನೆ.